ಸಕ್ಕರೆ ಕಾಯಿಲೆ ಸಾಹುಕಾರರ ಕಾಯಿಲೆಯಲ್ಲ



ಅಂಬಾಜಿದುರ್ಗದ ಬೆಟ್ಟದ ಕೆಳಗಿರುವ ನಮ್ಮೂರಿಗೆ ಹೋದ ವರ್ಷ ಒಂದು ಆರೋಗ್ಯ ಶಿಬಿರ ಬಂದಿತ್ತು. ಶಾಲೆಯ ಜಗಲಿ ಮೇಲೆ ಮೇಜು ಹಾಕಿ, ಬೆರಳು ಚುಚ್ಚಿ ರಕ್ತ ನೋಡಿದರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ನಮ್ಮ ದೊಡ್ಡಮ್ಮನ ಸರದಿ ಬಂತು. ವಯಸ್ಸು ಐವತ್ತೆರಡೋ ಐವತ್ತನಾಲ್ಕೋ, ಅವಳಿಗೇ ಗೊತ್ತಿಲ್ಲ. ಒಣಕಲು ಮೈ. ಟೊಮೊಟೊ ತೋಟದಲ್ಲಿ ಕೂಲಿ. ಸಕ್ಕರೆ 280 ಬಂತು.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯವರೇ. "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಮ್ಮ. ಹಣ್ಣು ತರಕಾರಿ ಜಾಸ್ತಿ ತಿನ್ನು. ಅನ್ನ ಕಡಿಮೆ ಮಾಡು. ಯೋಚನೆ ಮಾಡಬೇಡ" ಅಂದರು. ದೊಡ್ಡಮ್ಮ ಅವರ ಮುಖ ನೋಡಿದಳು. "ಆಗಲಿ ತಾಯಿ. ತೋಟಕ್ಕೆ ಹೋಗ್ತಾ ಎರಡು ಮೈಲಿ, ಬರ್ತಾ ಎರಡು ಮೈಲಿ ನಡೀತೀನಿ. ಇನ್ನ ಅರ್ಧ ಗಂಟೆ ಎಲ್ಲಿಗೆ ನಡ್ಕೊಂಡು ಹೋಗ್ಲಿ, ನೀವೇ ಹೇಳಿ" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ. ನಮ್ಮಪ್ಪ ಇದೇ ಕಾಯಿಲೆಯಲ್ಲಿ ಕಾಲಿನ ಹೆಬ್ಬೆರಳು ಕಳೆದುಕೊಂಡವನು. ಮುಳ್ಳು ಚುಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ, ಗಾಯ ಕೊಳೆತು ವಾಸನೆ ಬಂದ ಮೇಲೆ ನಮ್ಮಮ್ಮ ನೋಡಿದ್ದು.

ನಾವು ಚಿಕ್ಕವರಿದ್ದಾಗ ಸಕ್ಕರೆ ಕಾಯಿಲೆ ಅಂದರೆ ಸಾಹುಕಾರರ ಕಾಯಿಲೆ. ತಿಂದು ತೇಗಿ ಗಾದಿ ಮೇಲೆ ಕೂತವರಿಗೆ ಬರೋದು. ಕೇರಿಗೆ ಬರೋದು ಕ್ಷಯ, ವಾಂತಿಭೇದಿ, ಚಳಿಜ್ವರ. ಆ ಲೆಕ್ಕ ಈಗ ತಲೆಕೆಳಗಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಉದ್ದಗಲಕ್ಕೂ ರಕ್ತ ಪರೀಕ್ಷೆ ಮಾಡಿಸಿ 2023ರಲ್ಲಿ ಹೇಳಿದ್ದು: 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಅಂಚಿನಲ್ಲಿ. ದೊಡ್ಡವರಲ್ಲಿ ನೂರಕ್ಕೆ 35 ಜನಕ್ಕೆ ರಕ್ತದೊತ್ತಡ. ಇದೇ ಅಧ್ಯಯನದವರು 2017ರಲ್ಲಿ ಇನ್ನೊಂದು ಮಾತು ಹೇಳಿದ್ದರು. ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಈ ಕಾಯಿಲೆ ಉಳ್ಳವರಿಗಿಂತ ಇಲ್ಲದವರಲ್ಲೇ ಹೆಚ್ಚು ಕಂಡಿತು. ಉಳ್ಳವರು ಅಕ್ಕಿ ಬಿಟ್ಟು ಸಿರಿಧಾನ್ಯಕ್ಕೆ ಹೋದರು, ಪಾರ್ಕಿಗೆ ಹೋದರು. ಅವರು ಬಿಟ್ಟಿದ್ದು ನಮ್ಮ ಪಾಲಿಗೆ ಬಂತು. ಹಳೇ ಬಟ್ಟೆ ಬಂದ ಹಾಗೆ, ಹಳೇ ಕಾಯಿಲೆ.

ಆದರೆ ಒಣಕಲು ಮೈಯ, ದಿನಾ ದುಡಿಯೋ ಹೆಂಗಸಿಗೆ ಇದು ಯಾಕೆ ಬಂತು? ಈ ಪ್ರಶ್ನೆಗೆ ಉತ್ತರದ ಒಂದು ತುಂಡು ನಮ್ಮ ರಾಜ್ಯದಲ್ಲೇ ಇದೆ. ಹಾಸ್ಟೆಲಿನಲ್ಲಿ ವಿಜ್ಞಾನ ಓದುವ ಹುಡುಗರು ಇದನ್ನು ಗಮನ ಇಟ್ಟು ಓದಬೇಕು, ನಿಮ್ಮ ಪಠ್ಯದಲ್ಲಿ ಇದು ಬರೋದಿಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿನ ಸೂಲಗಿತ್ತಿಯರೂ ನರ್ಸುಗಳೂ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟರು. ಎಷ್ಟೋ ತಾಯಂದಿರ ತೂಕವನ್ನೂ ಬರೆದಿಟ್ಟರು. ಅರವತ್ತು ವರ್ಷ ಆದ ಮೇಲೆ ಆ ಪುಸ್ತಕಗಳನ್ನು ಹಿಡಿದು, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿನ ವೈದ್ಯರೂ ಸೇರಿ, ಆ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹುಡುಕಿದರು. 517 ಜನ ಸಿಕ್ಕಿದರು. ಅವರ ಹೃದಯ ಪರೀಕ್ಷೆ ಮಾಡಿ 1996ರಲ್ಲಿ ವರದಿ ಬರೆದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಜನಕ್ಕೆ. ಮಗುವೂ ಸಣ್ಣದು, ಬಸುರಿಯಾಗಿದ್ದಾಗ ತಾಯಿಯೂ 45 ಕಿಲೋ ಇಲ್ಲ ಅನ್ನುವ ಕಡೆ ನೂರಕ್ಕೆ 20.

ಇದರ ಅರ್ಥ ಏನು ನೋಡಿ. 1940ರಲ್ಲಿ ಒಬ್ಬ ತಾಯಿ ಹೊಟ್ಟೆಗಿಲ್ಲದೆ ಇದ್ದದ್ದು 1990ರಲ್ಲಿ ಅವಳ ಮಗನ ಎದೆಯಲ್ಲಿ ನೋವಾಗಿ ಬಂತು. ಹಸಿವು ಆವತ್ತಿಗೆ ಮುಗಿಯಲಿಲ್ಲ. ಸಾಲದ ಹಾಗೆ ಬಡ್ಡಿ ಸಮೇತ ಮಕ್ಕಳ ತಲೆಗೆ ಬಂತು. ಜೀತದ ಸಾಲ ಅಪ್ಪನಿಂದ ಮಗನಿಗೆ ಬರ್ತಿತ್ತು ಅನ್ನೋದು ನಮಗೆ ಗೊತ್ತು. ಮೈಯಲ್ಲೂ ಅಂಥದೊಂದು ಖಾತೆ ಇದೆ ಅಂತ ಗೊತ್ತಿರಲಿಲ್ಲ.

ಇದು ಹೃದಯದ ಲೆಕ್ಕ. ಸಕ್ಕರೆಯ ಲೆಕ್ಕ ಇನ್ನೂ ಗೋಜಲು, ಮೈಸೂರಿನ ಅಂಕಿಗಳಲ್ಲೇ ಅದು ಅಷ್ಟು ನೇರವಾಗಿ ಕಾಣಲಿಲ್ಲ. ಪುಣೆಯಲ್ಲಿ ಡಾ. ಯಾಜ್ಞಿಕ್ ಮತ್ತು ಅವರ ಜೊತೆಯವರು ಹಳ್ಳಿಯ ಮಕ್ಕಳನ್ನು ಅಳೆದು ಕಂಡದ್ದು ಇಲ್ಲಿ ಸಹಾಯಕ್ಕೆ ಬರುತ್ತದೆ. ನಮ್ಮ ಮಕ್ಕಳು ಹುಟ್ಟುವಾಗಲೇ ಸಣ್ಣ. ಆದರೆ ಆ ಸಣ್ಣ ಮೈಯಲ್ಲಿ ಕಡಿಮೆ ಇರುವುದು ಮಾಂಸಖಂಡ, ಕೊಬ್ಬಲ್ಲ. ಮೇಲೆ ನೋಡಿದರೆ ಒಣಕಲು, ಒಳಗೆ ಕೊಬ್ಬು. ಸಕ್ಕರೆಯನ್ನು ಅರಗಿಸುವ ಗಾಣ ಮಾಂಸಖಂಡವೇ. ಆ ಗಾಣವೇ ಚಿಕ್ಕದಾಗಿರುವ ಮೈಗೆ ಮೂರು ಹೊತ್ತೂ ಬಿಳಿ ಅನ್ನ ಸುರಿದರೆ ದೊಡ್ಡಮ್ಮನಿಗೆ ಬಂದದ್ದು ಬರುತ್ತದೆ. ತೂಕ ನೋಡಿ "ನಿನಗೇನೂ ಇಲ್ಲ" ಅಂತ ಕಳಿಸೋ ಡಾಕ್ಟರನ್ನು ನಂಬಬೇಡಿ. ರಕ್ತ ನೋಡಿ ಅಂತ ಕೇಳಿ.

ಇನ್ನು ವಿಟಮಿನ್. ಈ ಪದ ಕೇಳಿದ ಕೂಡಲೆ ನಮ್ಮ ಹುಡುಗರು ಮೆಡಿಕಲ್ ಶಾಪಿನ ಕಡೆ ನೋಡುತ್ತಾರೆ. ಮೊದಲು ಅದು ಎಲ್ಲಿಂದ ಬಂತು ನೋಡೋಣ. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಅನ್ನುವ ಡಚ್ ವೈದ್ಯ, ಪಾಲಿಷ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು ನೋಡಿದ. ತೌಡು ಹಾಕಿದರೆ ಎದ್ದು ನಿಂತವು. ಬಡವರ ಮನೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ಇದ್ದದ್ದು, ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ ಇರಲಿಲ್ಲ. ಅದೇ ಬಿ-1. ಬಿಳಿ ಬಣ್ಣದ ಮೇಲಿನ ವ್ಯಾಮೋಹ ಅನ್ನದಲ್ಲೂ ನಮ್ಮನ್ನು ಕೆಡಿಸಿದೆ ಅಂತ ನನಗೆ ಆಗಾಗ ಅನ್ನಿಸುತ್ತೆ.

ಇನ್ನೊಂದು ಕಥೆ ನಮ್ಮ ದೇಶದ್ದೇ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದಳು. ಬಟ್ಟೆ ಗಿರಣಿಯಲ್ಲಿ ದುಡಿಯುವ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದರು. ಬಡವರ ತಟ್ಟೆಯಲ್ಲಿ ಏನೋ ಒಂದು ಕಡಿಮೆ ಇದೆ ಅಂತ ಅವಳು ಹುಡುಕಿದಳು. ಯೀಸ್ಟಿನ ಸಾರ ಕೊಟ್ಟರೆ ಆ ಹೆಂಗಸರು ಚೇತರಿಸಿಕೊಂಡರು. ಆ ಏನೋ ಒಂದಕ್ಕೆ ಮುಂದೆ ಫೋಲಿಕ್ ಆಮ್ಲ ಅಂತ ಹೆಸರು ಬಂತು. ಲ್ಯಾಟಿನ್ನಿನಲ್ಲಿ ಫೋಲಿಯಂ ಅಂದರೆ ಎಲೆ. 1941ರಲ್ಲಿ ಅದನ್ನು ಬೇರ್ಪಡಿಸಿದ್ದು ಸೊಪ್ಪಿನಿಂದಲೇ.

ಸೊಪ್ಪು ಅಂದರೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಳೆ ಬಿದ್ದು ಹದಿನೈದು ದಿನಕ್ಕೆ ನಮ್ಮಮ್ಮ ಹೊಲದ ಬದುವಿನಲ್ಲಿ ಬಗ್ಗಿದರೆ ಸೆರಗು ತುಂಬ ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ, ದಗ್ಗಲಿ, ಇನ್ನೂ ನನಗೆ ಹೆಸರು ಮರೆತು ಹೋದ ಎಷ್ಟೋ. ಹುರುಳಿಕಾಳೋ ಅವರೆಕಾಳೋ ಜೊತೆಗೆ ಬೇಯಿಸಿ ಬಸಿದು, ಕಟ್ಟು ಸಾರಾಯಿತು, ಸೊಪ್ಪು ಪಲ್ಯವಾಯಿತು, ಪಕ್ಕದಲ್ಲಿ ಮುದ್ದೆ. ದುಡ್ಡು ಕೊಟ್ಟದ್ದು ಉಪ್ಪಿಗೆ ಮಾತ್ರ. ಈಗ ಬದುವಿಗೆ ಕಳೆನಾಶಕ ಹೊಡೆಯುತ್ತಾರೆ. ನಾವು ಸೊಪ್ಪು ಅನ್ನುವುದಕ್ಕೆ ತೋಟದವರು ಕಳೆ ಅನ್ನುತ್ತಾರೆ. ಹೊಲ ನಮ್ಮದಲ್ಲ, ಹಾಗಾಗಿ ಹೆಸರೂ ಅವರದೇ ನಡೆಯುತ್ತದೆ. ಇನ್ನು ಉಳಿದಿರುವ ಕಡೆ ಸೊಪ್ಪು ಕೀಳುವುದಕ್ಕೆ ನಮ್ಮ ಕಾಲೇಜು ಓದಿದ ತಂಗಿಯರಿಗೆ ನಾಚಿಕೆ. ಆ ಹೆಸರುಗಳು ಅಮ್ಮಂದಿರ ಜೊತೆಗೇ ಮಣ್ಣಾಗುತ್ತವೆ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕಿನಲ್ಲಿ ಅವನ್ನು ಬರೆದುಕೊಳ್ಳಿ, ಎಲೆಯ ಚಿತ್ರ ಸಮೇತ.

ರಾಗಿಯ ಬಗ್ಗೆ ಒಂದು ಎಚ್ಚರಿಕೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಕೂಡ ಇಲ್ಲ. ಇದು ನಿಜ, ಹೆಮ್ಮೆ ಪಡಿ. ಆದರೆ ರಾಗಿ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಅನ್ನೋದು ಪೊಳ್ಳು ಮಾತು. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ, ಮೇಲೆ ನೀರಿನಂಥ ಸಾರು, ಇಷ್ಟೇ ಆದರೆ ಅದೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಮುದ್ದೆ ಸ್ವಲ್ಪ ಚಿಕ್ಕದಾಗಬೇಕು, ಕಾಳು ಸೊಪ್ಪು ಜಾಸ್ತಿಯಾಗಬೇಕು. ರಾಗಿಯಲ್ಲಿರುವ ಕಬ್ಬಿಣವನ್ನೂ ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಮೊಳಕೆ ಕಟ್ಟಿ ಬೀಸಿದರೆ, ಊಟದ ಜೊತೆ ನಿಂಬೆಹುಳಿ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟ ಆದ ತಕ್ಷಣ ಟೀ ಕುಡಿದರೆ ಅದೂ ಕೆಡುತ್ತದೆ. ನಮ್ಮ ಹಾಸ್ಟೆಲ್‌ಗಳಲ್ಲಿ ಊಟ ಮುಗಿಸಿ ಟೀ ಅಂಗಡಿಗೆ ಹೋಗೋದು ಒಂದು ಸಂಪ್ರದಾಯವೇ ಆಗಿದೆ. ಒಂದು ಗಂಟೆ ತಡೆದು ಹೋಗಿ. ಟೀ ಎಲ್ಲೂ ಓಡಿ ಹೋಗೋದಿಲ್ಲ.

ಈಗ ಯಾರೂ ಬಾಯಿ ಬಿಟ್ಟು ಹೇಳದ ವಿಷಯಕ್ಕೆ ಬರ್ತೀನಿ. ಬಿ-12 ಅಂತ ಒಂದು ವಿಟಮಿನ್ ಇದೆ. ಯಾವ ಸೊಪ್ಪಿನಲ್ಲೂ ಇಲ್ಲ, ಯಾವ ಕಾಳಿನಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಇಷ್ಟರಲ್ಲೇ ಇರೋದು. ಎಲ್ಲಕ್ಕಿಂತ ಹೆಚ್ಚು ಇರೋದು ಈಲಿಯಲ್ಲಿ. 1926ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೈನಟ್ ಮತ್ತು ಮರ್ಫಿ ಅನ್ನುವ ಇಬ್ಬರು ವೈದ್ಯರು, ಸಾಯಲೇಬೇಕಾಗಿದ್ದ ಒಂದು ಬಗೆಯ ರಕ್ತಹೀನತೆಯ ರೋಗಿಗಳಿಗೆ ದಿನಾ ಈಲಿ ತಿನ್ನಿಸಿ ಬದುಕಿಸಿದರು. 1934ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈಲಿಯೊಳಗೆ ಇದ್ದದ್ದು ಬಿ-12 ಅಂತ ಗೊತ್ತಾದದ್ದು ಅದಾದ ಎಷ್ಟೋ ವರ್ಷಕ್ಕೆ. ಯಾವುದನ್ನು ತಿಂದದ್ದಕ್ಕೆ ನಮ್ಮನ್ನು ಊರಾಚೆ ಇಟ್ಟರೋ ಅದರೊಳಗಿನ ವಸ್ತುವಿನಿಂದ ಅಲ್ಲಿ ಜೀವ ಉಳಿಸಿ ಪ್ರಶಸ್ತಿ ತಗೊಂಡರು.

ಮತ್ತೆ ಅದೇ ಮೈಸೂರಿನ ಮಿಷನ್ ಆಸ್ಪತ್ರೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಬಸುರಿಯರ ರಕ್ತ ತೆಗೆದಿಟ್ಟಿದ್ದರು. 785 ಹೆಂಗಸರ ರಕ್ತ ಪರೀಕ್ಷೆಯ ಫಲ 2009ರಲ್ಲಿ ಬಂತು. ನೂರಕ್ಕೆ 43 ಹೆಂಗಸರಲ್ಲಿ ಬಿ-12 ಕಡಿಮೆ. ಹಾಗೆ ಕಡಿಮೆ ಇದ್ದವರಲ್ಲಿ ಬಸುರಿನ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು, ಕೆಲವು ವರ್ಷ ಕಳೆದ ಮೇಲೆ ನೋಡಿದಾಗ ಖಾಯಂ ಸಕ್ಕರೆ ಕಾಯಿಲೆಯೂ ಅವರಲ್ಲೇ ಹೆಚ್ಚು. ಇದರಿಂದಲೇ ಅದು ಬಂತು ಅಂತ ಖಡಾಖಂಡಿತ ಹೇಳಲಾಗದು, ಎರಡೂ ಜೊತೆಗೆ ಕಂಡವು ಅಷ್ಟೆ. ಆದರೂ ಬಸುರಿ ಹೆಂಗಸಿನ ತಟ್ಟೆಯಲ್ಲಿ ಮೊಟ್ಟೆ ಇಡಬಾರದು ಅನ್ನುವವರು ಈ ಅಂಕಿ ಮುಂದಿಟ್ಟುಕೊಂಡು ಮಾತಾಡಲಿ.

ನಾವು ಮಾಂಸ ತಿನ್ನೋರು, ನಮಗ್ಯಾಕೆ ಬಿ-12 ಕಡಿಮೆ ಆಗುತ್ತೆ ಅಂತ ಕೇಳಬಹುದು. ತಿನ್ನೋರು ಅನ್ನೋದು ಜಾತಿಯ ಪಟ್ಟಿ, ತಿಂದದ್ದು ಎಷ್ಟು ಅನ್ನೋದು ಬೇರೆ ಲೆಕ್ಕ. ತಿಂಗಳಿಗೊಂದು ಸಲ ಹಬ್ಬಕ್ಕೆ ಅಂತ ಬಾಡು ಬೇಯಿಸಿದರೆ ಗಂಡಸರ ತಟ್ಟೆಗೆ ತುಂಡು, ಮಕ್ಕಳ ತಟ್ಟೆಗೆ ಮೂಳೆ, ಅಮ್ಮನ ತಟ್ಟೆಗೆ ಸಾರು. ಇದು ನಮ್ಮ ಮನೆಯದೇ ಕಥೆ, ಮೇಲ್ಜಾತಿಯವರ ಮೇಲೆ ಹಾಕೋಕೆ ಆಗೋದಿಲ್ಲ. ಹಿಂದೆ ಬಡವರಿಗೆ ಕೈಗೆಟುಕುತ್ತಿದ್ದುದು ದನದ ಬಾಡು. 2020ರ ಕಾನೂನು ಬಂದ ಮೇಲೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಬೇರೆ ಯಾವುದನ್ನೂ ಕಡಿಯುವ ಹಾಗಿಲ್ಲ. ಕುರಿ ಬಾಡಿನ ಬೆಲೆ ಕೇಳಿದರೆ ಹಾಗೇ ವಾಪಸ್ ಬರಬೇಕು. ಅದಕ್ಕಿಂತ ಮೊದಲೇ ನಾಚಿಕೆ ಬಂದಿತ್ತು. ಹಾಸ್ಟೆಲಿಗೆ ಬಂದು ಎರಡು ವರ್ಷಕ್ಕೆ "ನಾನು ತಿನ್ನೋದು ಬಿಟ್ಟಿದೀನಿ ಸಾರ್" ಅನ್ನುವ ಹುಡುಗರನ್ನು ನಾನು ನೋಡಿದ್ದೇನೆ. ಮನಸ್ಸಿಗೆ ಒಗ್ಗದೆ ಬಿಟ್ಟರೆ ಬಿಡು, ಅದು ನಿನ್ನಿಷ್ಟ. ಪಕ್ಕದವನು ಮೂಗು ಮುಚ್ಚಿಕೊಂಡ ಅಂತ ಬಿಟ್ಟಿದ್ದರೆ, ಆ ಮೂಗಿಗೆ ನಿನ್ನ ರಕ್ತ ಯಾಕೆ ಕೊಡ್ತೀಯ? ಮಾಂಸ ಜಾಸ್ತಿ ತಿಂದರೆ ಹೃದಯಕ್ಕೆ, ಕರುಳಿಗೆ ಕೆಡುಕು ಅಂತ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿರಬಹುದು. ಅದು ಸುಳ್ಳಲ್ಲ. ಅದು ದಿನಾ ತಿನ್ನುವವರಿಗೆ ಹೇಳಿದ ಮಾತು. ವಾರಕ್ಕೊಂದು ಸಲ ನಾಲ್ಕು ತುಂಡು ತಿನ್ನುವವನಿಗಲ್ಲ.

ಮೊಟ್ಟೆಯ ರಾಜಕೀಯ ನಿಮಗೆ ಗೊತ್ತೇ ಇದೆ. 2021ರ ಡಿಸೆಂಬರಿನಲ್ಲಿ ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಸಾಲಾಗಿ ನಿಂತು ಮೊಟ್ಟೆ ತಿಂದರು, ವಿರೋಧ ತಣ್ಣಗಾಯಿತು, ಯೋಜನೆ ಮುಂದೆ ಇಡೀ ರಾಜ್ಯಕ್ಕೆ ಬಂತು. ಕೇಂದ್ರ ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ, 2019ರಿಂದ 21ರವರೆಗೆ ಮಾಡಿದ್ದು, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತ ಕಡಿಮೆ ಅಂತ ಹೇಳಿದೆ. ಹೆಂಗಸರಲ್ಲಿ ನೂರಕ್ಕೆ 47. ಮೊಟ್ಟೆಗೆ ಮಡಿ ನೋಡುವ ಹೊತ್ತಲ್ಲ ಇದು.

ಹಾಗಾದರೆ ಮಾತ್ರೆ ನುಂಗಿದರೆ ಸಾಕಲ್ಲ, ಎಲ್ಲಾ ವಿಟಮಿನ್ನೂ ಒಂದೇ ಗುಳಿಗೆಯಲ್ಲಿ ಸಿಗುತ್ತಲ್ಲ? ನಮ್ಮ ಹುಡುಗರು ಸ್ಕಾಲರ್‌ಶಿಪ್ ಬಂದ ದಿನ ಇದಕ್ಕೇ ದುಡ್ಡು ಸುರಿಯೋದನ್ನು ಕಂಡಿದ್ದೇನೆ. ಅಲ್ಲಿ ಒಂದು ಪಾಠ ಇದೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದರು. ಕ್ಯಾರೆಟ್ಟಿನಲ್ಲಿ, ಸೊಪ್ಪಿನಲ್ಲಿ ಇರುವ ಬೀಟಾ ಕ್ಯಾರೊಟಿನನ್ನು ಗುಳಿಗೆ ಮಾಡಿ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಅಂತ ಆಸೆ. 1994ರಲ್ಲಿ ಫಲಿತಾಂಶ ನೋಡಿದರೆ ಗುಳಿಗೆ ತಿಂದವರಲ್ಲಿ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು! ಎಲೆಯಲ್ಲಿದ್ದಾಗ ಒಂದು ಗುಣ, ಸೀಸೆಯಲ್ಲಿ ಒಂದು ಗುಣ. ಅಮೆರಿಕದಲ್ಲಿ 25 ಸಾವಿರ ಜನರ ಮೇಲೆ ವಿಟಮಿನ್ ಡಿ ಪ್ರಯೋಗ ಮಾಡಿ 2018ರಲ್ಲಿ ಫಲಿತಾಂಶ ಹೇಳಿದರು, ಹೃದಯಾಘಾತವೂ ಕಡಿಮೆಯಾಗಲಿಲ್ಲ, ಹೊಸದಾಗಿ ಕ್ಯಾನ್ಸರ್ ಬರುವುದೂ ಕಡಿಮೆಯಾಗಲಿಲ್ಲ. ಮಾತ್ರೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬಸುರಿ ಹೆಂಗಸಿಗೆ ಕಬ್ಬಿಣ ಮತ್ತು ಫೋಲಿಕ್ ಮಾತ್ರೆ ಬೇಕೇ ಬೇಕು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಪರೀಕ್ಷೆಯಲ್ಲಿ ಬಿ-12 ಕಡಿಮೆ ಅಂತ ಬಂದವರಿಗೆ ಸೂಜಿಯೋ ಗುಳಿಗೆಯೋ ಬೇಕು. ಇಲ್ಲದ್ದನ್ನು ತುಂಬುವುದಕ್ಕೆ ಮಾತ್ರೆ. ಇದ್ದದ್ದರ ಮೇಲೆ ಸುರಿದುಕೊಂಡರೆ ಕಾಯಿಲೆ ಬರೋದಿಲ್ಲ ಅನ್ನೋದು ಅಂಗಡಿಯವನ ಮಾತು. ಜಿಮ್ಮಿಗೆ ಹೋಗುವ ಹುಡುಗರ ಪ್ರೋಟೀನ್ ಡಬ್ಬಕ್ಕೂ ಇದೇ ಮಾತು ಅನ್ವಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆ ಪುಡಿಗಳಿಂದ ದೂರ ಇರಿ ಅಂತಲೇ ಹೇಳಿದೆ. ಒಂದು ಡಬ್ಬದ ದುಡ್ಡಿನಲ್ಲಿ ಎಷ್ಟು ಮೊಟ್ಟೆ, ಎಷ್ಟು ಕಡಲೆಕಾಯಿ ಬರುತ್ತದೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ.

ವ್ಯಾಯಾಮದ ವಿಷಯ. 1953ರಲ್ಲಿ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿದ. ಒಂದೇ ಡಿಪೋ, ಒಂದೇ ವರ್ಗದ ಜನ. ಕೂತೇ ಇರುವ ಡ್ರೈವರ್‌ಗಳಿಗಿಂತ, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ. ಡ್ರೈವರ್ ಕೆಲಸಕ್ಕೆ ಸೇರುವಾಗಲೇ ಅವರ ಪ್ಯಾಂಟಿನ ಅಳತೆ ದೊಡ್ಡದಿತ್ತು ಅಂತಲೂ ಆಮೇಲೆ ಅವನೇ ಹುಡುಕಿ ಬರೆದ, ಪ್ರಾಮಾಣಿಕ ಮನುಷ್ಯ. ಆದರೂ ಮೈ ಆಡಿಸಿದರೆ ಒಳ್ಳೆಯದು ಅನ್ನುವ ಮಾತು ಆಮೇಲಿನ ಎಷ್ಟೋ ಅಧ್ಯಯನಗಳಲ್ಲಿ ನಿಂತಿದೆ. ಮದರಾಸಿನಲ್ಲಿ ಡಾ. ರಾಮಚಂದ್ರನ್ ಅವರು ಸಕ್ಕರೆಯ ಅಂಚಿನಲ್ಲಿದ್ದ 531 ಜನರನ್ನು ತೆಗೆದುಕೊಂಡು, ಊಟ ಸರಿ ಮಾಡಿ ದಿನಾ ಅರ್ಧ ಗಂಟೆ ನಡೆಯುವಂತೆ ಹೇಳಿದಾಗ, ಮೂರು ವರ್ಷದಲ್ಲಿ ಕಾಯಿಲೆಗೆ ಬೀಳುವವರು ನೂರಕ್ಕೆ 28ರಷ್ಟು ಕಡಿಮೆಯಾದರು. 2006ರ ವರದಿ. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟಾಗಲೂ ಹೆಚ್ಚು ಕಡಿಮೆ ಅಷ್ಟೇ ಫಲ.

ಮತ್ತೆ ದೊಡ್ಡಮ್ಮನ ನಾಲ್ಕು ಮೈಲಿ? ಡೆನ್ಮಾರ್ಕಿನ ಕೆಲವು ಸಂಶೋಧಕರು ಈ ಪ್ರಶ್ನೆ ಕೇಳಿಕೊಂಡಿದ್ದಾರೆ. ತಾನಾಗಿ ಆಡುವ, ಓಡುವ ಮೈಗೆ ಸಿಗುವ ಲಾಭ, ಹೊಟ್ಟೆಪಾಡಿಗೆ ಭಾರ ಹೊರುವ ಮೈಗೆ ಸಿಗುತ್ತಿಲ್ಲ ಅನ್ನುವುದು ಅವರಿಗೆ ಕಂಡದ್ದು. ಎಂಟು ಗಂಟೆ ಬಗ್ಗಿ ದುಡಿದು, ಬುಟ್ಟಿ ಹೊತ್ತು, ಮಾರನೆ ದಿನ ಮತ್ತೆ ಅದೇ. ರಕ್ತದೊತ್ತಡ ಇಳಿಯುವುದಕ್ಕೆ ಬಿಡುವೇ ಇಲ್ಲ. ಅವಳಿಗೆ ಬೇಕಾದದ್ದು ಇನ್ನೊಂದು ವಾಕಿಂಗ್ ಅಲ್ಲ. ಬೇಕಾದದ್ದು ವಾರಕ್ಕೊಂದು ರಜೆ, ಸರಿಯಾದ ಕೂಲಿ, ತಟ್ಟೆಯಲ್ಲಿ ಕಾಳು, ಪ್ರತಿ ತಿಂಗಳು ತಪ್ಪದೆ ಸಿಗುವ ಮಾತ್ರೆ. ವಾಕಿಂಗ್ ಬೇಕಾಗಿರೋದು ನಿಮಗೆ, ನನಗೆ. ನಮ್ಮ ಅಪ್ಪ ಅಮ್ಮನ ಮೈ ದುಡಿದದ್ದು, ನಮ್ಮ ಮೈ ಬೆಂಚಿನ ಮೇಲೆ ಕೂತದ್ದು. ಅವರ ಊಟವನ್ನೇ ತಿಂದು ಅವರಷ್ಟು ದುಡಿಯದೆ ಇರುವ ಮೊದಲನೇ ತಲೆಮಾರು ನಾವು. ಹಸಿದ ಹೊಟ್ಟೆಯಿಂದ ಹುಟ್ಟಿ ಕುರ್ಚಿಗೆ ಬಂದವರು. ಅಪಾಯ ಎಲ್ಲರಿಗಿಂತ ನಮಗೇ ಜಾಸ್ತಿ. ಕಬಡ್ಡಿ ಆಡಿ, ಬೆಟ್ಟ ಹತ್ತಿ, ಕಾಲೇಜಿಗೆ ನಡೆದು ಹೋಗಿ. ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಸಂಜೆ ಆರಕ್ಕೆ ಗೇಟು ಹಾಕಿ ಕೂಡಿಹಾಕುತ್ತಾರೆ. ಅವರು ಎಲ್ಲಿ ಓಡಬೇಕು? ಇದನ್ನೂ ನಮ್ಮ ಬೇಡಿಕೆಯಲ್ಲಿ ಸೇರಿಸಬೇಕು.

ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲುನೋವಿನಿಂದ ನಿದ್ದೆ ಇಲ್ಲದೆ ನರಳುತ್ತಿದ್ದರು. ಸಂವಿಧಾನದ ಕೆಲಸವನ್ನು ಅವರು ಮಾಡಿದ್ದು ಈ ಮೈಯನ್ನು ಇಟ್ಟುಕೊಂಡೇ. 1956ರ ಡಿಸೆಂಬರ್ 6ರಂದು ಹೋದಾಗ 65 ವರ್ಷ ಅಷ್ಟೆ. ಇನ್ನೊಂದು ಹತ್ತು ವರ್ಷ ಇದ್ದಿದ್ದರೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಂದುಕೊಳ್ಳುವವರು ಸಭೆ ಮುಗಿಸಿ ಏನು ಮಾಡುತ್ತೇವೆ? ಬೋಂಡ, ಟೀ, ಬೀಡಿ, ರಾತ್ರಿಯಾದರೆ ಬಾಟಲಿ. ಕುಡಿತ ರಕ್ತದೊತ್ತಡ ಏರಿಸುತ್ತದೆ, ಬೀಡಿ ರಕ್ತನಾಳ ಕಟ್ಟುತ್ತದೆ. ಸಕ್ಕರೆ ಕಾಯಿಲೆಯವನು ಬೀಡಿ ಸೇದಿದರೆ ಕಾಲು ಕಳೆದುಕೊಳ್ಳುವ ದಾರಿ ಹತ್ತಿರವಾಗುತ್ತದೆ. ನಮ್ಮಪ್ಪ ಸೇದುತ್ತಿದ್ದ. ಚಳವಳಿಯ ಎಷ್ಟೋ ಒಳ್ಳೇ ಹಾಡುಗಾರರು, ಮಾತುಗಾರರು ಐವತ್ತು ದಾಟದೆ ಹೋದರು. ಅದಕ್ಕೆಲ್ಲ ಜಾತಿ ವ್ಯವಸ್ಥೆಯೇ ಕಾರಣ ಅಂತ ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣ ಮಾಡೋದು ಸುಲಭ.

ನಮ್ಮ ಜಿಲ್ಲೆಯ ಇನ್ನೊಂದು ಕಾಯಿಲೆಗೆ ಮಾತ್ರ ಊಟವೂ ವ್ಯಾಯಾಮವೂ ಸಾಲದು. ನೀರು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಎಲ್ಲಿ ನೋಡಿದರೂ ಸಾವಿರ ಅಡಿ ದಾಟಿದ ಬೋರು, ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅನ್ನೋದು ನಿಯಮ. ಹಲ್ಲು ಕಂದುಬಣ್ಣಕ್ಕೆ ತಿರುಗಿ, ವರ್ಷಗಳು ಕಳೆದ ಹಾಗೆ ಕೀಲು ಬಿಗಿದು, ಬೆನ್ನು ಬಾಗದ ಜನ ನಮ್ಮ ಕಣ್ಣಮುಂದೆಯೇ ಇದ್ದಾರೆ. ಸುಣ್ಣದ ಅಂಶ, ಸಿ ವಿಟಮಿನ್ ಚೆನ್ನಾಗಿದ್ದರೆ ಕೆಡುಕು ಸ್ವಲ್ಪ ತಗ್ಗುತ್ತದೆ, ರಾಗಿ ನೆಲ್ಲಿಕಾಯಿ ಇಲ್ಲೂ ಸಹಾಯಕ್ಕೆ ಬರುತ್ತವೆ. ಆದರೆ ನೀರೇ ಬದಲಾಗಬೇಕು. ಫ್ಲೋರೈಡ್ ನೀರು ಕಾಯಿಸಿದರೆ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯ್ತಿಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಹಾಸ್ಟೆಲಿನ ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿದ್ದು ಯಾವಾಗ ಅಂತ ವಾರ್ಡನ್ ಸಾಹೇಬರನ್ನು ಕೇಳಿ.

ಕೊನೆಗೆ ನಿಮ್ಮ ತಟ್ಟೆ. ಪ್ರತಿ ಹಾಸ್ಟೆಲಿನ ಗೋಡೆಯ ಮೇಲೂ ಊಟದ ಪಟ್ಟಿ ಅಂಟಿಸಿರುತ್ತಾರೆ. ನಾನಿದ್ದ ಹಾಸ್ಟೆಲಿನಲ್ಲಿ ಪಟ್ಟಿಯಲ್ಲಿ ಬೇಳೆ ಇತ್ತು, ಸಾರಿನಲ್ಲಿ ಹುಡುಕಬೇಕಾಗಿತ್ತು. ಪಟ್ಟಿಯಲ್ಲಿ ವಾರಕ್ಕಿಷ್ಟು ಮೊಟ್ಟೆ, ತಟ್ಟೆಯಲ್ಲಿ ಅರ್ಧ. ನಾವು ತಟ್ಟೆ ಬಡಿದು ಗಲಾಟೆ ಮಾಡಿದೆವು, ಒಂದು ವಾರ ಸರಿಯಾಯಿತು, ಮತ್ತೆ ಅದೇ. ಈಗ ಅನ್ನಿಸುತ್ತೆ, ಬಡಿಯುವುದರ ಜೊತೆಗೆ ಬರೆದಿಡಬೇಕಾಗಿತ್ತು. ಒಂದು ನೋಟ್‌ಬುಕ್ ತಗೊಳ್ಳಿ. ಇವತ್ತಿನ ತಾರೀಖು, ಎಷ್ಟು ಜನ ಉಂಡರು, ಎಷ್ಟು ಕಿಲೋ ಬೇಳೆ ಬೆಂದಿತು, ಸೊಪ್ಪು ತರಕಾರಿ ಎಷ್ಟು, ಮೊಟ್ಟೆ ಎಷ್ಟು, ಅಡುಗೆಯವರ ಮುಂದೆಯೇ ತೂಗಿ ಬರೆಯಿರಿ. ಅಡುಗೆಯವರೂ ನಮ್ಮವರೇ, ಅವರ ಮೇಲೆ ಕೂಗಾಡಬೇಡಿ. ಅವರಿಗೆ ಕೊಟ್ಟಷ್ಟನ್ನು ಅವರು ಬೇಯಿಸುತ್ತಾರೆ. ಮೂರು ತಿಂಗಳ ಲೆಕ್ಕ ಆದ ಮೇಲೆ ಅದನ್ನು ಹಿಡಿದು ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಅಧಿಕಾರಿಯ ಹತ್ತಿರ ಹೋಗಿ. ಅಕ್ಕಿಯ ಒಂದು ಹೊತ್ತನ್ನು ರಾಗಿಗೆ ಬದಲಾಯಿಸಿ, ಸಾರಿಗೆ ಕಾಳು ಸೊಪ್ಪು ಹೆಚ್ಚಿಸಿ ಅಂತ ಅರ್ಜಿ ಕೊಡಿ. ಪಟ್ಟಿಯಲ್ಲಿರುವ ಮೊಟ್ಟೆ, ಬಾಡು ಪೂರ್ತಿ ತಟ್ಟೆಗೆ ಬರಲಿ ಅಂತಲೂ ಅದರಲ್ಲಿ ಬರೆಯಿರಿ. ಹಾಗೆ ಕೇಳುವವರು ಸಂಜೆ ಗೋಬಿ ಮಂಚೂರಿಯ ಗಾಡಿ ಮುಂದೆ ನಿಂತಿದ್ದರೆ ಮಾತಿಗೆ ತೂಕ ಇರೋದಿಲ್ಲ, ಅದರ ಕೆಂಪು ಬಣ್ಣವನ್ನು ಸರ್ಕಾರವೇ 2024ರ ಮಾರ್ಚಿಯಲ್ಲಿ ನಿಷೇಧಿಸಬೇಕಾಯಿತು.

ದೊಡ್ಡಮ್ಮನ ಸುದ್ದಿ ಹೇಳದೆ ಬಿಟ್ಟೆ. ಮಾತ್ರೆ ತಗೊಳ್ತಿದ್ದಾಳೆ, ಮಧ್ಯೆ ಒಂದು ತಿಂಗಳು ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇಲ್ಲ ಅಂತ ನಿಂತಿತ್ತು. ರಾತ್ರಿ ಅನ್ನ ಬಿಟ್ಟು ಅರ್ಧ ಮುದ್ದೆ, ಬಸ್ಸಾರು ಉಣ್ಣುತ್ತಾಳೆ. ದಿನಾ ಮಲಗುವ ಮುಂಚೆ ಅಂಗಾಲು ತೋರಿಸು ಅಂತ ಅವಳ ಮೊಮ್ಮಗಳಿಗೆ ಹೇಳಿಕೊಟ್ಟಿದ್ದೇನೆ. ಪಿಯುಸಿ ಓದುವ ಹುಡುಗಿ, ಮೊಬೈಲಿನ ಬೆಳಕು ಬಿಟ್ಟು ಗಾಯ ಇದೆಯಾ ಅಂತ ನೋಡುತ್ತಾಳೆ. ಮೊನ್ನೆ ಸಕ್ಕರೆ 170 ಇತ್ತು.